ಗಾಳಿಯ ಮೇಲೆ ಹಾಕಿದ ತಪ್ಪು

ಅಕ್ಕಾ,

ಇಲ್ಲಿ ಕಡಲಿನ ಪಕ್ಕದ ಬಡಾವಣೆಯಲ್ಲಿ ಇನ್ನೂರು ವರ್ಷ ಹಳೆಯ ಉದ್ಯಾನವಿದೆ. ನೀನು ಆಸೆಪಟ್ಟಿದ್ದ ಬಿಳಿ ಸಂಪಿಗೆ ಅಲ್ಲಿ ಕಂಡಿತು. ಕೀಳಬಾರದೆಂಬ ಬೋರ್ಡಿನ ಎದುರಿಗೇ ಒಂದು ರೆಂಬೆ ಮುರಿದು ಚೀಲಕ್ಕೆ ತುರುಕಿದೆ. ಅಷ್ಟರಲ್ಲಿ ವಯಸ್ಸಾದ ಮಾಲಿಯೊಬ್ಬರು ಬಂದು ಮುರಿದ ಜಾಗವನ್ನು ಸವರಿ ನೋಡಿದರು.

“ಗಾಳಿಗೆ ಮುರಿದಿರಬೇಕು,” ಎಂದೆ. ಮೂವತ್ತು ವರ್ಷ ಶಾಲೆಯಲ್ಲಿ ಸುಳ್ಳು ಹೇಳಬೇಡಿ ಎಂದು ಗದರಿದ ಬಾಯಿ ಇದು!

ಅವರು ಹೋಗಿ ಕುಂಡದಲ್ಲಿದ್ದ ಅದೇ ಸಂಪಿಗೆಯ ಸಸಿಯೊಂದನ್ನು ತಂದರು. “ಚೀಲದಲ್ಲಿರೋ ಕಡ್ಡಿ ಬೇರು ಬಿಡಲ್ಲ ಅಮ್ಮ. ಇದನ್ನ ತಗೊಂಡು ಹೋಗಿ.”

ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ತಲೆ ತಗ್ಗಿಸಿ ಕುಂಡ ತೆಗೆದುಕೊಂಡೆ.

ನನ್ನ ಮಂಡಿನೋವು ಕಡಿಮೆಯಾಗಿದೆ. ಸಸಿ ತರುತ್ತಿದ್ದೇನೆ. ಎಲ್ಲಿ ಸಿಕ್ಕಿತೆಂದು ಭಾವನ ಮುಂದೆ ಮಾತ್ರ ಕೇಳಬೇಡ.

ನಿನ್ನ ತಂಗಿ