ಐವತ್ತೆರಡನೆಯ ನಿಮಿಷದ ಬಾಗಿಲು

ಹಟ್ಟಿ ಕೆಳನೆಲ, ನಾಲ್ಕನೆಯ ಮಜಲು
ಫೆಬ್ರವರಿ ೩೦, ೨೨೬೮

ಗೂಳಿ ೯೯ ಎಂಬ ಹೆಸರಿನವರಿಗೆ ಸೂಗಮ್ಮನ ನಮಸ್ಕಾರಗಳು.

ಮೇಲಿನ ತಾರೀಖನ್ನು ನೋಡಿ ಕೈತಪ್ಪು ಎಂದು ತಿಳಿಯಬೇಡಿ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ವರ್ಷದ ಕೊನೆಯಲ್ಲಿ ಹೆಸರಿಲ್ಲದೆ ಬಿಟ್ಟುಬಿಡುತ್ತೇವೆ. ನನ್ನ ಕೆಲವು ಮಾತುಗಳೂ ತಮಗೆ ವಿಚಿತ್ರವಾಗಿ ಕೇಳಿಸಬಹುದು. ತಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ಅಂಚು ಸುಟ್ಟ ಕೆಲವು ಪಾಠಪುಸ್ತಕಗಳಿಂದ, ಮತ್ತು ತಮ್ಮ ಆಟದ ಪೆಟ್ಟಿಗೆಯೊಳಗೆ ಉಳಿದಿದ್ದ ಸಿನಿಮಾ ತುಂಡಿನಿಂದ. ತಪ್ಪಿದ್ದರೆ ಕ್ಷಮಿಸಬೇಕು. ತಮ್ಮ ನಿಜವಾದ ಹೆಸರು ನಮಗೆ ತಿಳಿಯದು. ಪೆಟ್ಟಿಗೆ ಹಚ್ಚಿದೊಡನೆ ಪರದೆಯ ಮೇಲೆ ಕೊಂಬೆತ್ತಿ ನಿಂತ ಗೂಳಿಯ ಚಿತ್ರ ಮೂಡುತ್ತದೆ, ಅದರ ಕೆಳಗೆ ಈ ಹೆಸರಿದೆ. ಹೆಸರಿನ ಪಕ್ಕದಲ್ಲಿ ಸಂದೇಶ ಬರೆಯಲೆಂದು ಒಂದು ಜಾಗವಿದೆ. ಇದನ್ನು ಅಲ್ಲಿಯೇ ಬರೆಯುತ್ತಿದ್ದೇನೆ. ತಲುಪುವುದಿಲ್ಲವೆಂದು ನನಗೆ ಗೊತ್ತು.

ನಾವು ಇರುವುದು ಹಳೆಯ ಚಿನ್ನದ ಗಣಿಯ ಒಳಗೆ. ವರ್ಷದಲ್ಲಿ ಐದು ತಿಂಗಳು ಜೀವ ತೆಗೆಯುವ ಬಿಸಿಲಿಗೆ ಮೇಲಿನ ನೆಲದ ಮೇಲೆ ಇರಲಾಗುವುದಿಲ್ಲ. ಆ ಕಾಲಕ್ಕೆ ಉರಿಗಾಲ ಎನ್ನುತ್ತೇವೆ. ಉರಿಗಾಲ ಬಂದಾಗ ದನಕರು, ಕಾಳುಕಡಿ, ಹಾಸಿಗೆಗಳ ಸಮೇತ ಇನ್ನೂರ ಹತ್ತು ಮೆಟ್ಟಿಲಿಳಿದು ಕೆಳಗೆ ಬರುತ್ತೇವೆ. ಮೂರನೆಯ ಮತ್ತು ನಾಲ್ಕನೆಯ ಮಜಲುಗಳಲ್ಲಿ ಮಾತ್ರ ತಂಪು. ಇನ್ನೂ ಆಳಕ್ಕೆ ಹೋದರೆ ಬಂಡೆಯೇ ಬಿಸಿಯಾಗಿರುತ್ತದೆ. ಚಳಿಗಾಲದಲ್ಲಿ ಬೆಳೆದ ಸಜ್ಜೆ, ಒಣಗಿಸಿಟ್ಟ ಪುಂಡಿಪಲ್ಯ, ಇಲ್ಲಿಯೇ ಕತ್ತಲಲ್ಲಿ ಎದ್ದ ಅಣಬೆ, ಇವಿಷ್ಟು ನಮ್ಮ ಊಟ. ಮುನ್ನೂರ ಅರವತ್ತು ಜನ ಇದ್ದೇವೆ. ಮೇಲೆ ಗಣಿಬಾಯಿಯ ಸುತ್ತ ಬಿಸಿಲುತಟ್ಟೆಗಳನ್ನು ನಿಲ್ಲಿಸಿದ್ದೇವೆ. ಬಿಸಿಲನ್ನು ಹಿಡಿದು ನಮ್ಮ ದೀಪಗಳಿಗೂ ಗಾಳಿಯಂತ್ರಕ್ಕೂ ತಮ್ಮ ಪೆಟ್ಟಿಗೆಗೂ ವಿದ್ಯುತ್ತು ಕೊಡುವವು ಅವೇ. ಅವುಗಳ ಮೇಲೆ ದಿನವೂ ಕೆಂದೂಳು ಕೂರುತ್ತದೆ, ಸೂರ್ಯ ಹುಟ್ಟುವ ಮುನ್ನ ಯಾರಾದರೂ ಹತ್ತಿ ಹೋಗಿ ಒರೆಸಿ ಬರಬೇಕು. ಯಾವ ದಿನ ಯಾರು ಎಂಬುದನ್ನು ಪಾಳಿ ಹಲಗೆಯ ಮೇಲೆ ಸುಣ್ಣದಲ್ಲಿ ಬರೆದಿರುತ್ತಾರೆ.

ತಮ್ಮ ಪೆಟ್ಟಿಗೆ ನಮ್ಮ ಕೈಗೆ ಹೇಗೆ ಬಂತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಯಾವುದೋ ಮನೆತನದವರು ಗುಳೆ ಬರುವಾಗ ಕಂಬಳಿಯಲ್ಲಿ ಸುತ್ತಿ ತಂದರಂತೆ. ಹನ್ನೊಂದು ಜನ ಬೇರೆ ಬೇರೆ ಕಾಲದಲ್ಲಿ ಅದನ್ನು ರಿಪೇರಿ ಮಾಡಿದ್ದಾರೆ. ಈಗ ಅದರಲ್ಲಿ ತಮ್ಮದೆನ್ನುವುದು ಹೊರಗಿನ ಕರಿಯ ಕವಚ, ಒಳಗಿನ ನೆನಪಿನ ತುಂಡು, ಎರಡೇ. ಅದು ಆಟವಾಡಲು ಮಾಡಿದ ಪೆಟ್ಟಿಗೆ, ಆದರೆ ಆಟ ಒಂದೂ ಉಳಿದಿಲ್ಲ. ತಾವು ಅದರಲ್ಲಿ ಸಿನಿಮಾವನ್ನೂ ನೋಡುತ್ತಿದ್ದಿರಿ. ಸಿನಿಮಾ ತಮ್ಮ ಮನೆಯಲ್ಲಿ ಇರುತ್ತಿರಲಿಲ್ಲ, ಎಲ್ಲಿಂದಲೋ ನಲ್ಲಿಯ ನೀರಿನ ಹಾಗೆ ಹರಿದು ಬಂದು, ನೋಡಿದ ಮೇಲೆ ಇಲ್ಲವಾಗುತ್ತಿತ್ತು ಎಂದು ತಿಳಿದವರು ಹೇಳುತ್ತಾರೆ. ಏನು ಕೆಟ್ಟಿತೋ, ತಾವು ನಿಲ್ಲಿಸಿದ ಒಂದು ಸಿನಿಮಾದ ಮೊದಲ ಐವತ್ತೆರಡು ನಿಮಿಷ ಮಾತ್ರ ಅಳಿಸಿಹೋಗದೆ ಪೆಟ್ಟಿಗೆಯಲ್ಲಿ ಕೂತುಬಿಟ್ಟಿತು. ಪರದೆಯ ಮೂಲೆಯಲ್ಲಿ ಎಚ್‌ಡಿ ಎಂದು ಬರೆದಿದೆ. ಆ ಸ್ಪಷ್ಟತೆಗೆ ನಮ್ಮಲ್ಲಿ ಬೇರೆ ಸಾಟಿಯಿಲ್ಲದ್ದರಿಂದ ಅದೇ ಮಾತಾಗಿಹೋಗಿದೆ. ತಿಳಿಯಾದ ನೀರಿಗೆ ನಾವು ಎಚ್ಡಿ ನೀರು ಎನ್ನುತ್ತೇವೆ.

ಸಿನಿಮಾದಲ್ಲಿ ವಸುಮತಿ ಎಂಬ ಹೆಂಗಸಿದ್ದಾಳೆ. ಗಂಡನೊಡನೆ ಜಗಳವಾಡಿಕೊಂಡು ಮೂರನೆಯ ಮಹಡಿಯ ಒಂದು ಬಾಡಿಗೆ ಮನೆಗೆ ಬಂದಿದ್ದಾಳೆ. ಬಟ್ಟೆ ಒಣಹಾಕುತ್ತಾಳೆ, ಹಲ್ಲುಜ್ಜುತ್ತಾಳೆ, ಫೋನಿನಲ್ಲಿ ತಾಯಿಗೆ ಸುಳ್ಳು ಹೇಳುತ್ತಾಳೆ. ಐವತ್ತೆರಡನೆಯ ನಿಮಿಷಕ್ಕೆ ಯಾರೋ ಬಾಗಿಲು ಬಡಿಯುತ್ತಾರೆ. ಅವಳು ಕೈ ಒರೆಸಿಕೊಂಡು ಹೋಗಿ ಚಿಲಕ ತೆಗೆಯುತ್ತಾಳೆ. ಬಾಗಿಲು ಒಂದು ಗೇಣು ತೆರೆಯುತ್ತದೆ. ಅಲ್ಲಿಗೆ ಚಿತ್ರ ನಿಂತು, ನಡುವೆ ಬಿಳಿಯ ಚಕ್ರವೊಂದು ಸುತ್ತತೊಡಗುತ್ತದೆ. ಮುಂದಿನದಕ್ಕೆ ಕಾಯಿರಿ ಎಂದು ಅದರ ಅರ್ಥ. ನಮ್ಮ ಜನ ನೂರಾರು ವರ್ಷ ಕಾದಿದ್ದಾರೆ.

ಉರಿಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ, ಬಿಸಿಲು ಜೋರಾಗಿರುವ ಮಧ್ಯಾಹ್ನ, ನೋಟದಿನ ನಡೆಯುತ್ತದೆ. ಪೆಟ್ಟಿಗೆಯ ಉಸ್ತುವಾರಿ ನನ್ನದು. ಆದರೆ ಜನ ಬರುತ್ತಿದ್ದದ್ದು ನನ್ನ ತಂಗಿ ದ್ಯಾಮವ್ವನಿಗಾಗಿ. ಚಕ್ರ ಸುತ್ತತೊಡಗಿದೊಡನೆ ಅವಳು ಎದ್ದು ಪರದೆಯ ಪಕ್ಕ ನಿಂತು ಮುಂದಿನ ಕಥೆ ಹೇಳುತ್ತಿದ್ದಳು. ಪ್ರತಿ ಸಲವೂ ಬಾಗಿಲ ಹಿಂದೆ ಬೇರೆ ಯಾರೋ ಇರುತ್ತಿದ್ದರು. ಒಮ್ಮೆ ಗಂಡ, ಒಮ್ಮೆ ಕಳೆದುಹೋದ ಅಣ್ಣ, ಒಮ್ಮೆ ತಪ್ಪು ಮನೆಗೆ ಬಂದ ಬ್ಯಾಂಡಿನವರು. ಬ್ಯಾಂಡಿನವರ ಕಥೆಗೆ ನಮ್ಮ ತಾಯಿ ಹುಲಿಗೆಮ್ಮ ನಕ್ಕು ನಕ್ಕು ಗೋಡೆಗೆ ಒರಗಿಬಿಟ್ಟಿದ್ದಳು.

ಎರಡು ವರ್ಷದ ಹಿಂದಿನ ಒಂದು ನೋಟದಿನ. ಹಿಂದಿನ ದಿನ ದೂಳುಗಾಳಿ ಎದ್ದಿತ್ತು. ಆ ಬೆಳಿಗ್ಗೆ ತಟ್ಟೆ ಒರೆಸುವ ಪಾಳಿ ನನ್ನದು. ಮೊಣಕಾಲು ನೋಯುತ್ತಿತ್ತು, ನಾಳೆ ಒರೆಸಿದರಾಯಿತು ಎಂದುಕೊಂಡು ಮಲಗಿದೆ. ಮಧ್ಯಾಹ್ನ ಸಿನಿಮಾ ಮೂವತ್ತೆಂಟನೆಯ ನಿಮಿಷಕ್ಕೆ ಬಂದಾಗ ಪರದೆ ಮಂಕಾಯಿತು. ಜನ ಗದ್ದಲ ಮಾಡಿದರು. ನಾನು ಏಳಲು ಹೋದಾಗ ದ್ಯಾಮವ್ವ ಹೆಗಲ ಮೇಲೆ ಕೈಯಿಟ್ಟಳು.

"ಅಕ್ಕಾ, ನೀ ಕುಂದ್ರು. ಆ ಮೊಣಕಾಲ ತಗೊಂಡು ಎಲ್ಲಿ ಹತ್ತತಿ? ನಾ ಒಂದ್ ಕೈ ಒರಸಿ ಬರ್ತೀನಿ."

"ನಡುಮಧ್ಯಾಹ್ನ ಐತಿ, ಬ್ಯಾಡ," ಎಂದೆ. ಗಟ್ಟಿಯಾಗಿ ಹೇಳಲಿಲ್ಲ.

"ಬಾಗ್ಲ ತೆರಿಯೂದ್ರೊಳಗ ಬಂದಿರ್ತೀನಿ," ಎಂದಳು. ಒದ್ದೆ ಬಟ್ಟೆ ತಲೆಗೆ ಸುತ್ತಿಕೊಂಡು ಹೋದಳು.

ಸ್ವಲ್ಪ ಹೊತ್ತಿಗೆ ಪರದೆ ಬೆಳಗಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ವಸುಮತಿ ಕೈ ಒರೆಸಿಕೊಂಡು ಹೋಗಿ ಚಿಲಕ ತೆಗೆದಳು. ಚಕ್ರ ಸುತ್ತತೊಡಗಿತು. ದ್ಯಾಮವ್ವ ಬರಲಿಲ್ಲ. ಬೇಕೆಂತಲೇ ಕಾಯಿಸುತ್ತಿದ್ದಾಳೆ ಎಂದು ಜನ ನಕ್ಕರು, ನಾನೂ ನಕ್ಕೆ. ಎಷ್ಟು ಹೊತ್ತು ನಕ್ಕೆವೋ ತಿಳಿಯದು. ಆಮೇಲೆ ಇಬ್ಬರು ಗಂಡಸರು ಮೇಲೆ ಹೋದರು. ಅವಳು ಕೊನೆಯ ಸಾಲಿನ ತಟ್ಟೆಯ ಬುಡದಲ್ಲಿ ಬಿದ್ದಿದ್ದಳಂತೆ. ಕೆಳಗೆ ತರುವಷ್ಟರಲ್ಲಿ ಜೀವ ಹೋಗಿತ್ತು. ಎಲ್ಲ ಸಾಲುಗಳನ್ನೂ ಒರೆಸಿ ಮುಗಿಸಿದ್ದಳು.

"ಯಾರ್ ಕಳಿಸಿದ್ರು ಅಕೀನ?" ಎಂದು ಅವ್ವ ಕೇಳಿದಳು.

"ಅಕಿ ತಾನ ಹೋದ್ಲು," ಎಂದೆ ನಾನು. ಸುಳ್ಳಲ್ಲ. ಅಷ್ಟೇ ಹೇಳಿದೆ.

ಆಮೇಲೆ ನನಗೆ ಏನೂ ಅನಿಸಲಿಲ್ಲ. ಇದನ್ನು ತಮಗೆ ಹೇಗೆ ತಿಳಿಸಬೇಕೋ ಗೊತ್ತಾಗುವುದಿಲ್ಲ. ಅತ್ತವರಿಗೆ ನೀರು ಕೊಟ್ಟೆ, ಬಂದವರಿಗೆ ರೊಟ್ಟಿ ಬಡಿದೆ. ಪಾಳಿ ಬಂದ ದಿನ ಹತ್ತಿ ಹೋಗಿ ಒರೆಸಿದೆ, ಇಳಿದು ಬಂದು ಮಲಗಿದೆ. ಬಾಯಿಗೆ ಇಟ್ಟದ್ದು ಉಪ್ಪೋ ಸಪ್ಪೆಯೋ ತಿಳಿಯುತ್ತಿರಲಿಲ್ಲ. ಒಮ್ಮೆ ಬಾಣಲೆ ತಾಗಿ ಅಂಗೈ ಸುಟ್ಟಾಗ ಪಕ್ಕದವರು ಕಿರುಚಿದ ಮೇಲೆ ಕೈ ತೆಗೆದೆ. ಅವ್ವ ಮೊದಲಿನಂತೆಯೇ ಇದ್ದಳು. ಮಾತು ಕಡಿಮೆಯಾಗಿತ್ತು. ಇಬ್ಬರೂ ಒಂದೇ ಕಂಬಳಿಯ ಎರಡು ತುದಿಯಲ್ಲಿ ಮಲಗುತ್ತಿದ್ದೆವು. ಪೆಟ್ಟಿಗೆಯನ್ನು ಯಾರೂ ಹಚ್ಚೆಂದು ಕೇಳಲಿಲ್ಲ, ನಾನೂ ಹಚ್ಚಲಿಲ್ಲ.

ಕಳೆದ ಚಳಿಗಾಲದಲ್ಲಿ ಮೌಲಾಸಾಬ ಎಂಬ ತಂತಿಕಾರ ನಮ್ಮಲ್ಲಿಗೆ ಬಂದ. ಊರಿಂದ ಊರಿಗೆ ತಂತಿ ಎಳೆಯುವುದು ಅವನ ಕಸುಬು. ಧಾರವಾಡದ ಗುಡ್ಡದಲ್ಲಿ ಹಳೆಯ ಸಿನಿಮಾಗಳ ಕಣಜವೊಂದನ್ನು ಅಗೆದು ತೆಗೆದಿದ್ದಾರೆಂದೂ, ಅಲ್ಲಿಂದ ತಂತಿಯ ಮೇಲೆ ಸಿನಿಮಾ ಹರಿಸಬಹುದೆಂದೂ ಹೇಳಿದ. ಜನರ ಮುಂದೆ ಅವನು ಲೆಕ್ಕ ಬಿಡಿಸಿ ಹೇಳಿದ್ದು ನೆನಪಿದೆ: "ಈ ತಂತಿಗಿ ಅಷ್ಟ ತಾಕತ್ತಿಲ್ರಿ. ವರ್ಷಕ್ಕ ನಾಕ್ ಸಿನಿಮಾ ಮಬ್ಬ ಮಬ್ಬ ನೋಡ್ರಿ, ಇಲ್ಲಾ ಒಂದ ಒಂದು ಎಚ್ಡಿ ನೋಡ್ರಿ. ನಿಮಗ ಬಿಟ್ಟಿದ್ದು."

ಯಾರೂ ಬಹಳ ಹೊತ್ತು ಯೋಚಿಸಲಿಲ್ಲ. ಅದೇ ಸಿನಿಮಾ, ಅದರ ಉಳಿದ ಭಾಗ, ಎಚ್‌ಡಿಯಲ್ಲಿ ಎಂದರು. ಆಮೇಲೆ ಎಲ್ಲರೂ ಅವ್ವನ ಕಡೆ ನೋಡಿದರು.

"ಹಾಕ್ರಿ," ಎಂದಳು ಅವ್ವ.

ಈ ಉರಿಗಾಲದ ಮೊದಲ ನೋಟದಿನ ಹಾಕಿದೆವು. ಇಂದಿಗೆ ಹನ್ನೆರಡು ದಿನವಾಯಿತು. ಹೆರಿಗೆಯಾಗಿ ಮೂರು ದಿನವಾದವಳನ್ನೂ ಚಾಪೆಯ ಸಮೇತ ಹೊತ್ತು ತಂದಿದ್ದರು. ಮೌಲಾಸಾಬ ಪೆಟ್ಟಿಗೆಯ ಹಿಂದೆ ತಂತಿ ಸಿಕ್ಕಿಸಿಕೊಂಡು ಕೂತಿದ್ದ. ವಸುಮತಿ ಬಟ್ಟೆ ಒಣಹಾಕಿದಳು, ಸುಳ್ಳು ಹೇಳಿದಳು, ಕೈ ಒರೆಸಿಕೊಂಡಳು. ಬಾಗಿಲು ಒಂದು ಗೇಣು ತೆರೆಯಿತು. ಚಕ್ರ ಒಂದು ಸುತ್ತು ಸುತ್ತಿ ಮಾಯವಾಯಿತು. ಬಾಗಿಲು ಪೂರ್ತಿ ತೆರೆಯಿತು.

ಹೊರಗೆ ನಿಂತಿದ್ದವನು ಒಬ್ಬ ಬೆವರಿದ ಮನುಷ್ಯ. ಹೆಗಲ ಮೇಲೆ ಕೆಂಪು ಬಣ್ಣದ ದೊಡ್ಡ ಕಬ್ಬಿಣದ ಹಂಡೆ. ಯಾರಿಗೂ ಅದೇನೆಂದು ತಿಳಿಯಲಿಲ್ಲ.

"ಗ್ಯಾಸಿನ ಸಿಲಿಂಡರ್ರಿ," ಎಂದ ಮೌಲಾಸಾಬ ಮೆಲ್ಲಗೆ. "ಅಡಗಿ ಮಾಡಾಕ. ಆಗ ಮನಿ ಮನಿಗಿ ತಂದ್ ಕೊಡ್ತಿದ್ರಂತ."

ಆ ಮನುಷ್ಯ ಹಂಡೆಯನ್ನು ಅಡುಗೆಮನೆಯಲ್ಲಿ ಇಳಿಸಿದ. ಒಂದು ಚೀಟಿಗೆ ಸಹಿ ಹಾಕಿಸಿಕೊಂಡ. ಕುಡಿಯಲು ನೀರು ಕೇಳಿ, ಕುಡಿದು, ಹೋದ. ಸಿನಿಮಾದಲ್ಲಿ ಅವನು ಮತ್ತೆ ಬರುವುದಿಲ್ಲ. ವಸುಮತಿ ಬಾಗಿಲು ಹಾಕಿಕೊಂಡು ಚಹಾ ಮಾಡಿದಳು. ಇನ್ನೂ ಒಂದೂಕಾಲು ಗಂಟೆ ಏನೇನೋ ನಡೆಯಿತು. ಗಂಡ ಒಮ್ಮೆ ಫೋನ್ ಮಾಡಿದ. ಅವಳಿಗೆ ಒಂದು ಕೆಲಸ ಸಿಕ್ಕಿತು. ಕೊನೆಗೆ ಬಸ್ಸು ಹತ್ತಿದಳು, ಕಿಟಕಿಯ ಪಕ್ಕದ ಸೀಟು ಸಿಕ್ಕಿತು, ಮುಗಿಯಿತು. ಚಿತ್ರ ಬಹಳ ಸ್ಪಷ್ಟವಾಗಿತ್ತು. ಅವಳ ಕುತ್ತಿಗೆಯ ಮೇಲಿನ ಬೆವರುಸಾಲೆ ಕೂಡ ಕಾಣುತ್ತಿತ್ತು. ಹೆಸರುಗಳು ಮೇಲೇರುತ್ತಿದ್ದಾಗಲೂ ಜನ ಕೂತೇ ಇದ್ದರು. ಆಮೇಲೆ ಒಬ್ಬೊಬ್ಬರಾಗಿ ಚಾಪೆ ಸುತ್ತಿಕೊಂಡು ಎದ್ದುಹೋದರು.

ಅವ್ವ ಏಳಲಿಲ್ಲ. "ಮುಗೀತನು?" ಎಂದಳು.

"ಮುಗೀತು ಯವ್ವಾ."

"ಒಬ್ಬರ ಸಲುವಾಗಿ ಒಬ್ಬರು ಬರಲೇ ಇಲ್ಲಲ್ಲ ಅದ್ರಾಗ," ಎಂದಳು. "ನಮ್ಮಕಿ ಆಗಿದ್ರ ಯಾರನ್ನರ ಕರ್ಕೊಂಡು ಬರ್ತಿದ್ಲು."

ನಾನು ತಂತಿ ಸುತ್ತುತ್ತಿದ್ದೆ. ಸುತ್ತುತ್ತಲೇ ಹೇಳಿದೆ. ಯಾಕೆ ಆಗ ಹೇಳಿದೆನೋ ತಿಳಿಯದು.

"ಯವ್ವಾ, ಅವತ್ತು ಪಾಳಿ ನಂದಿತ್ತು. ಮುಂಜಾನಿ ನಾ ಒರಸಲಿಲ್ಲ."

"ಗೊತ್ತೈತಿ."

ಕೈ ನಿಂತಿತು.

"ಹಲಗಿ ಮ್ಯಾಲ ನಿನ್ನ ಹೆಸರಿತ್ತು," ಎಂದಳು ಅವ್ವ. "ಅಕೀನ ತಂದು ಮಲಗಿಸಿದ್ರಲ್ಲ, ಮಂದಿ ಎಲ್ಲಾ ಅಕಿ ಸುತ್ತ ಇದ್ರು. ನಾ ಹೋಗಿ ಅಳಿಸಿ ಬಂದೆ. ಮಂದಿ ನಿನ್ನ ಹರಕೊಂಡು ತಿಂತಾರಂತ."

"ಎರಡ್ ವರ್ಷ ಯಾಕ ಸುಮ್ಮನಿದ್ದಿ?"

"ನೀನ ಹೇಳ್ತಿ ಅಂತ ಕಾದೆ."

ಅಷ್ಟು ಹೇಳಿ ಅವಳು ಗೋಡೆ ಹಿಡಿದು ಎದ್ದಳು. ನನ್ನನ್ನು ಬೈಯಲಿಲ್ಲ, ಅಪ್ಪಿಕೊಳ್ಳಲೂ ಇಲ್ಲ. ನನಗೆ ಅಳು ಬರಬೇಕಿತ್ತು. ಬರಲಿಲ್ಲ. ತಂತಿ ಸುತ್ತಿ ಮುಗಿಸಿ, ಪರದೆಗೆ ಬಟ್ಟೆ ಹೊದಿಸಿ, ಅವಳ ಹಿಂದೆ ಹೋದೆ. ಅವತ್ತು ಸಂಜೆ ಪುಂಡಿಪಲ್ಯ ಬಾಯಿಗೆ ಇಟ್ಟುಕೊಂಡಾಗ ಹುಳಿ ಎನಿಸಿತು. ಬಹಳ ಹುಳಿ. ಎರಡು ತುತ್ತು ತಿಂದು ಬಿಟ್ಟೆ. ಅದನ್ನೇ ಅವ್ವನಿಗೆ ಹೇಳಿದೆ. "ಹುಳಿನ ಇರ್ತದ ಪುಂಡಿ," ಎಂದಳು.

ತಾವು ಸಿನಿಮಾ ನಿಲ್ಲಿಸಿದ ಹೊತ್ತು ಪೆಟ್ಟಿಗೆಯಲ್ಲಿ ದಾಖಲಾಗಿದೆ ಎಂದು ಮೌಲಾಸಾಬ ತೋರಿಸಿದ. ಒಂದು ಭಾನುವಾರ, ಮಧ್ಯಾಹ್ನ ಮೂರು ಗಂಟೆ ನಲವತ್ತು ನಿಮಿಷ. ಮತ್ತೆ ತಾವು ಅದನ್ನು ತೆರೆದಿಲ್ಲ. ಬೇಸರವಾಗಿ ಎದ್ದಿರೋ, ಯಾರಾದರೂ ಕರೆದರೋ, ತಮ್ಮ ಮನೆಗೂ ಆ ಹೊತ್ತಿಗೆ ಏನಾದರೂ ಸುದ್ದಿ ಬಂದಿತೋ ನಮಗೆ ತಿಳಿಯುವುದಿಲ್ಲ.

ಒಂದು ಕೋರಿಕೆಯಿದೆ. ಈ ಮಾತು ಹೇಗಾದರೂ ತಮ್ಮನ್ನು ತಲುಪಿದರೆ, ಆ ಸಿನಿಮಾವನ್ನು ನೋಡಿ ಮುಗಿಸಿರಿ. ಅಷ್ಟೇನೂ ಚೆನ್ನಾಗಿಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. ಆದರೆ ಒಬ್ಬರೇ ಕೂತು ನೋಡಬೇಡಿ. ಮನೆಯಲ್ಲಿ ಯಾರಿದ್ದಾರೋ ಅವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ನಡುವೆ ಅವರು ಯಾವುದೋ ಕೆಲಸಕ್ಕೆಂದು ಎದ್ದರೆ, ಚಿತ್ರವನ್ನು ನಿಲ್ಲಿಸಿ ತಾವೂ ಜೊತೆಗೆ ಹೋಗಿರಿ. ಚಿತ್ರ ಕಾಯುತ್ತದೆ. ಎಷ್ಟು ವರ್ಷ ಬೇಕಾದರೂ ಕಾಯುತ್ತದೆ, ಅದನ್ನು ನಾವು ನೋಡಿದ್ದೇವೆ.

ಸೂಗಮ್ಮ