ಒಂಟಿ ಹಳಿಯ ಮರ್ಯಾದೆ

ನಿಲಂಗಾ
ಕಾರ್ತಿಕ ಶುದ್ಧ ದಶಮಿ, ಫಸಲಿ ೧೩೪೨

ಉದಗೀರದ ಆಟದ ರೈಲು ಮಂಡಳಿಯ ನನ್ನ ತರುಣ ಮಿತ್ರರೆಲ್ಲರಿಗೂ ಶರಣು. ತಮ್ಮ ಅಡತಿ ಅಂಗಡಿಯ ಮಾಳಿಗೆಯನ್ನು ಬಿಟ್ಟುಕೊಟ್ಟ ರೇವಣಪ್ಪನವರಿಗೂ, ಹಳಿ ಕೂರಿಸುವ ಹಲಗೆಗೆಂದು ಹೊಲದ ಜಾಲಿಮರ ಕಡಿಸಿಕೊಟ್ಟ ನಾಗನಾಥ ಪಾಟೀಲರಿಗೂ ನನ್ನ ವಂದನೆಗಳು. ಅವರ ಉಪಕಾರ ದೊಡ್ಡದು. ಅದಕ್ಕೆ ತೆರಬೇಕಾಗಿ ಬಂದ ಬೆಲೆಯೂ ಸಣ್ಣದಲ್ಲ.

ಭಾಲ್ಕಿಯಿಂದ ಉದಗೀರದವರೆಗಿನ ದಾರಿಯನ್ನು ಆ ಮಾಳಿಗೆಯಲ್ಲಿ ನೀವು ಕಟ್ಟಿದಿರಿ. ಎಣ್ಣೆಡಬ್ಬಿಯ ತಗಡು ಕತ್ತರಿಸಿ ಹಳಿ ಮಾಡಿದಿರಿ, ಎರೆಮಣ್ಣಿನಿಂದ ಕೋಟೆ ಎಬ್ಬಿಸಿದಿರಿ, ಜೋಳದ ದಂಟನ್ನು ತಂತಿಕಂಬವಾಗಿ ನೆಟ್ಟಿರಿ. ಹೈದರಾಬಾದಿನಿಂದ ತರಿಸಿದ ಕೀಲಿ ಎಂಜಿನ್ನುಗಳು ಎರಡು, ಹಳಿ ಮಾತ್ರ ಒಂದೇ. ಬಂಡಿಗಳು ಎದುರುಬದುರಾಗದಂತೆ ಉಪಾಯ ಹೂಡಿದವಳು ರೇವಣಪ್ಪನವರ ಮಗಳು ಕುಸುಮಬಾಯಿ. ಒಂದು ಹಿತ್ತಾಳೆ ಬಳೆ. ಅದು ಯಾರ ಕೈಯಲ್ಲಿದೆಯೋ ಅವರಷ್ಟೇ ಬಂಡಿ ಬಿಡಬೇಕು. ಅವಳು ಬಳೆ ಕಾಯುತ್ತಿದ್ದಷ್ಟು ಕಾಲ ಒಂದು ಡಬ್ಬಿಯೂ ಉರುಳಲಿಲ್ಲ.

ಉದ್ಘಾಟನೆಯ ದಿನ ಮೊದಲ ಬಂಡಿ ಬಿಡುವ ಮಾನ ಯಾರದೆಂಬ ಪ್ರಶ್ನೆ ಎದ್ದಿತು. ಮಾಳಿಗೆ ಕೊಟ್ಟವರದೋ, ಮರ ಕೊಟ್ಟವರದೋ? ಎರಡನೆಯವರಾಗಲು ಇಬ್ಬರೂ ಒಪ್ಪಲಿಲ್ಲ. ಕೊನೆಗೆ ರೇವಣಪ್ಪನವರೇ ತೀರ್ಪು ಕೊಟ್ಟರು: "ಪಾಟೀಲರು ನಮಗಿಂತ ಕಡಿಮಿ ಏನ್ರೀ? ಅವರು ಆ ಕಡಿಂದ, ನಾ ಈ ಕಡಿಂದ, ಇಬ್ಬರೂ ಒಮ್ಮೆಲೇ ಬಿಡತೀವಿ."

"ಅಪ್ಪಾ, ಹಳಿ ಒಂದೇ ಅದ. ಬಳಿನೂ ಒಂದೇ ಅದ" ಎಂದಳು ಕುಸುಮ.

"ಬಳಿಗೇನ್ ಬರ ಬಂದದ? ನಿಮ್ಮವ್ವನ ಕೈತುಂಬ ಅವ, ಒಂದ್ ಇಸ್ಕೊಂಡ್ ಬಾ."

ಮಾಳಿಗೆಯೆಲ್ಲ ನಕ್ಕಿತು. ಅಲ್ಲೇ ಇದ್ದ ನಾನು ಬೇಡವೆಂದ ಮಾತು ಆ ನಗೆಯಲ್ಲಿ ಮುಳುಗಿತು. ಎರಡು ಎಂಜಿನ್ನುಗಳೂ ಸಮಾನ ಮರ್ಯಾದೆಯಿಂದ ಹೊರಟು, ಕೋಟೆಯ ಕೆಳಗೆ ಸಮಾನವಾಗಿಯೇ ಮುರಿದು ಬಿದ್ದವು. ಗದ್ದಲದಲ್ಲಿ ಯಾರೋ, "ಹುಡುಗಿ ಕೀಲಿ ಜಾಸ್ತಿ ತಿರುವ್ಯಾಳ್ರೀ" ಎಂದರು. ಹಿರಿಯರಿಗೆ ಬೇಕಾಗಿದ್ದ ಮಾತು ಅದೇ. ಹೆಣ್ಣುಮಗಳ ಕೈ ತಗಲಿದ್ದಕ್ಕೇ ಹೀಗಾಯಿತೆಂದು ಅಂದೇ ಅವಳನ್ನು ಮಾಳಿಗೆಯಿಂದ ಇಳಿಸಿದರು. ನೀವು ತಗಡು ಆರಿಸುತ್ತ ತಲೆ ತಗ್ಗಿಸಿ ಕುಳಿತಿರಿ.

ಈಗ ಮತ್ತೆ ಕಟ್ಟೋಣ, ಬನ್ನಿ ಎಂದು ನನಗೆ ಬರೆದಿದ್ದೀರಿ. ಕುಸುಮ ಇಲ್ಲದ ಮಾಳಿಗೆಯನ್ನು ನಾನು ಹತ್ತುವುದಿಲ್ಲ. ನಿಮ್ಮ ಮೇಲಿನ ಪ್ರೀತಿ ಕಡಿಮೆಯಾಗಿಲ್ಲ. ಆದ್ದರಿಂದಲೇ ಇಷ್ಟು ಕಹಿಯಾಗಿ ಬರೆಯುತ್ತಿದ್ದೇನೆ. ನಿಜವಾದ ರೈಲು ನಾಳೆ ನಮ್ಮ ಸೀಮೆಗೆ ಬಂದರೆ, ಅದರ ಹಳಿಯ ಮೇಲೂ ನಾವು ಮಾನಪಾನ ಹಂಚುತ್ತ ನಿಲ್ಲುವವರೇ?

ನಿಮ್ಮ ಹಿತಚಿಂತಕ,
ಮನ್ಮಥಪ್ಪ ಮಾಸ್ತರ

ತಾ.ಕ.: ವೀರಭದ್ರ, ಕಾರ್ಯದರ್ಶಿಯಾದ ನೀನೇ ಇದನ್ನು ಸಭೆಗೆ ಓದಿ ಹೇಳುತ್ತಿರುವೆ, ಇನ್ನುಳಿದದ್ದನ್ನೂ ದನಿ ತಗ್ಗಿಸದೆ ಓದು. ಪಾಟೀಲರ ಎಂಜಿನ್ನಿಗೆ ಕೀಲಿ ಕೊಟ್ಟವನು ನೀನು. ಗದ್ದಲದಲ್ಲಿ ಹುಡುಗಿಯ ಮೇಲೆ ಹಾಕಿದವನೂ ನೀನೇ. ನಾನು ನಿನ್ನ ಬೆನ್ನ ಹಿಂದೆಯೇ ನಿಂತಿದ್ದೆ. ರೇವಣಪ್ಪನವರು ಎದುರಿಗೇ ಕುಳಿತಿರಬೇಕು. ಈ ಕಾಗದ ಮಡಿಸಿಟ್ಟು ಅವರಿಗೆ ನಿಜ ಹೇಳು, ಕುಸುಮಳನ್ನು ಕರೆ. ಆಮೇಲೆ ಎಲ್ಲರೂ ಸುತ್ತಿಗೆ ಹಿಡಿಯಿರಿ, ಹಳಿ ನೆಟ್ಟಗೆ ಮಾಡುವ ಕೆಲಸ ಇಂದೇ ಶುರುವಾಗಲಿ.