ನಾಲ್ಕನೇ ಕಾಲಮ್ಮಿನಲ್ಲಿ ಮನೆ ವಿಳಾಸ

ಮಾನ್ಯ ಅಭಿಯೋಜನಾ ನಿರ್ದೇಶಕರೇ,

ಒಬ್ಬ ಹೆಂಗಸಿನ ಮನೆ ಎಲ್ಲಿದೆಯೆಂದು ಬರುವ ಸೋಮವಾರ ನಿಮ್ಮ ಇಲಾಖೆ, ಆಕೆಯ ಕೈ ಮುರಿಸಿದವರಿಗೇ ಬರೆದು ತಿಳಿಸಲಿದೆ. ಮೊಹರು ಹಾಕಿ, ಸ್ವೀಕೃತಿ ಪಡೆದು. ಅದನ್ನು ತಡೆಯಿರಿ ಎಂದು ಖಾಸಗಿಯಾಗಿ ಮೂರು ಪತ್ರ ಬರೆದೆ. ಮೂರು ಸಲವೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಕೋಣನ ಮುಂದೆ ಕಿನ್ನರಿ ಬಾರಿಸಿ ಸಾಕಾಗಿದೆ. ಇನ್ನು ಊರ ಮುಂದೆ ಬಾರಿಸುತ್ತೇನೆ.

ಹತ್ತೊಂಬತ್ತು ವರ್ಷ ನಾನು ನಿಮ್ಮ ಇಲಾಖೆಯಲ್ಲಿ ಸರ್ಕಾರಿ ವಕೀಲನಾಗಿ ಬಿಳಿಕಾಲರ್ ಅಪರಾಧಗಳ, ಅಂದರೆ ಕಚೇರಿಯಲ್ಲಿ ಕೂತು ಕಾಗದದಲ್ಲೇ ಮಾಡುವ ಮೋಸಗಳ, ಮೊಕದ್ದಮೆ ನಡೆಸಿದವನು. ಈಗ ಕಾನೂನು ಕಾಲೇಜಿನಲ್ಲಿ ಅದನ್ನೇ ಪಾಠ ಮಾಡುತ್ತೇನೆ. ನಮ್ಮ ವಿಭಾಗಕ್ಕೊಂದು ಹಮ್ಮಿತ್ತು. ಕೊಲೆ ಮೊಕದ್ದಮೆ ನಡೆಸುವವರು ಆರೋಪಿಗೆ ಪ್ರತಿ ಕೊಡುವ ಮುನ್ನ ಸಾಕ್ಷಿಗಳ ವಿಳಾಸದ ಮೇಲೆ ಕಾಗದ ಅಂಟಿಸಿ ಮುಚ್ಚುತ್ತಿದ್ದರು. ನಾವು ನಕ್ಕು ಹಾಗೇ ಬಿಡುತ್ತಿದ್ದೆವು. ನಮ್ಮ ಆರೋಪಿಗಳು ಇಸ್ತ್ರಿ ಅಂಗಿಯವರು, ನ್ಯಾಯಾಲಯದಲ್ಲಿ ನಮಗೇ ಕುರ್ಚಿ ಎಳೆದುಕೊಡುವ ಸಭ್ಯರು. ಅವರೆಲ್ಲಿ ಕೈ ಎತ್ತುತ್ತಾರೆ?

ಗ್ಯಾಸ್ ಸಿಲಿಂಡರುಗಳನ್ನು ಪರೀಕ್ಷಿಸದೆಯೇ ಪ್ರಮಾಣಪತ್ರ ಕೊಟ್ಟ ಕಂಪನಿಯ ಮೊಕದ್ದಮೆ ತಮಗೆ ನೆನಪಿರಬೇಕು. ಸಿಲಿಂಡರ್ ಸಿಡಿದು ಹೋಟೆಲಿನ ಅಡುಗೆಮನೆಯಲ್ಲಿ ನಾಲ್ವರು ಸುಟ್ಟು ಸತ್ತರು. ಒಬ್ಬನನ್ನು ಗುರುತಿಸಿದ್ದು ಹಲ್ಲುಗಳಿಂದ. ನಮ್ಮ ಕಡತದಲ್ಲಿ ಮಾತ್ರ ಅದು 'ದಾಖಲೆ ತಿದ್ದಿದ ಪ್ರಕರಣ'. ಸುಳ್ಳು ವರದಿಗಳನ್ನು ಬರೆಸಿದವರು ಯಾರೆಂದು ಹೇಳಲು ಮುಂದೆ ಬಂದವಳು ಒಬ್ಬಳೇ, ಅಲ್ಲಿಯ ಟೈಪಿಸ್ಟ್. ಸಾಕ್ಷಿಪಟ್ಟಿಯ ನಾಲ್ಕನೇ ಕಾಲಮ್ಮಿನಲ್ಲಿ ಆಕೆಯ ಮನೆ ವಿಳಾಸ ತುಂಬಿ, ಕೆಳಗೆ ಸಹಿ ಮಾಡಿ, ಆರೋಪಿಗಳಿಗೆ ಪ್ರತಿ ಕೊಟ್ಟವನು ನಾನು.

ಒಂಬತ್ತನೇ ದಿನ, ಹಾಡಹಗಲೇ, ಇಬ್ಬರು ಆಕೆಯ ಮನೆಗೆ ನುಗ್ಗಿದರು. ಆಕೆಯ ಬೆರಳುಗಳನ್ನು ಬಾಗಿಲ ಚೌಕಟ್ಟಿಗೆ ಒತ್ತಿಹಿಡಿದು ಬಾಗಿಲು ಬಡಿದರು. ಒಂದು ಸಲವಲ್ಲ, ಮುರಿಯಲು ಎಲುಬು ಉಳಿಯದಷ್ಟು ಸಲ. ಮೊದಲು ಬಲಗೈ, ಆಮೇಲೆ ಎಡಗೈ. ಬಿಡಿಸಲು ಬಂದ ಅತ್ತೆಯ ದವಡೆಗೆ ಬೂಟುಗಾಲಿನಿಂದ ಒದ್ದರು. ನಾನು ಆಸ್ಪತ್ರೆಗೆ ಹೋದಾಗ, ದವಡೆಗೆ ತಂತಿ ಬಿಗಿಸಿಕೊಂಡಿದ್ದ ಆ ಅತ್ತೆ ಮಾತಾಡಲಾಗದೆ ನನ್ನ ಕೈಗೆ ರಕ್ತ ಮೆತ್ತಿದ ಹಾಳೆಯೊಂದನ್ನು ತುರುಕಿದರು. ಬಂದವರು ಬೀಳಿಸಿಕೊಂಡು ಹೋದ ಸಾಕ್ಷಿಪಟ್ಟಿ ಅದು. ಟೈಪಿಸ್ಟ್ ಮೆಲ್ಲಗೆ ಕೇಳಿದಳು:

"ಸಾರ್, ಕೆಳಗಿರೋದು ನಿಮ್ಮ ಸಹಿ ಅಲ್ವಾ?"

ಹೌದಮ್ಮಾ ಎಂದೆ. ಆ ಇಬ್ಬರ ಕೈಗಳನ್ನು ಅದೇ ಬಾಗಿಲಿಗೆ ಕೊಟ್ಟು ಜಜ್ಜಬೇಕೆನ್ನಿಸಿತು, ಆಮೇಲೆ ನನ್ನದನ್ನೂ. ಆಕೆ ಸಾಕ್ಷಿ ಹೇಳಲಿಲ್ಲ, ಇಸ್ತ್ರಿ ಅಂಗಿಯವರು ಬಿಡುಗಡೆಯಾದರು, ನಾನು ರಾಜೀನಾಮೆ ಕೊಟ್ಟೆ. ಪ್ರತಿ ವರ್ಷ ಆ ಹಾಳೆ ತೋರಿಸಿಯೇ ಮೊದಲ ಪಾಠ ಶುರುಮಾಡುತ್ತೇನೆ.

ಈಗ ಮೇಲ್ಮನವಿಯಲ್ಲಿ ಆ ಬಿಡುಗಡೆ ರದ್ದಾಗಿ ಮರುವಿಚಾರಣೆಗೆ ಆದೇಶವಾಗಿದೆ. ಮನೆ ಬದಲಿಸಿಕೊಂಡ ಆಕೆ, ಅನ್ನ ಕಲಸಲೂ ಬಾರದ ಆ ಕೈಗಳನ್ನಿಟ್ಟುಕೊಂಡು, ಈ ಸಲ ಬಂದೇ ಬರುತ್ತೇನೆ ಎಂದಿದ್ದಾಳೆ. ಹೊಸ ವಿಳಾಸ ಗೊತ್ತಿರುವುದು ನಿಮ್ಮ ಕಚೇರಿಗೆ ಮಾತ್ರ. ಪಟ್ಟಿ ತಯಾರಿಸಿದ ನಿಮ್ಮ ಕಿರಿಯ ವಕೀಲೆ ನನ್ನ ವಿದ್ಯಾರ್ಥಿನಿ. ಪಾಠ ನೆನಪಿಟ್ಟು ನಾಲ್ಕನೇ ಕಾಲಮ್ ಖಾಲಿ ಬಿಟ್ಟಳು. ನೀವು 'ನಮೂನೆ ಅಪೂರ್ಣ' ಎಂದು ಷರಾ ಬರೆದು ವಾಪಸು ಕಳಿಸಿದಿರಿ. ನಿಮ್ಮ ನಮೂನೆ ಪೂರ್ಣವಾಗಲು ಇನ್ನೆಷ್ಟು ಎಲುಬು ಬೇಕು ಸ್ವಾಮಿ?

ಸೋಮವಾರದೊಳಗೆ ಆ ಕಾಲಮ್ ಮುಚ್ಚಿಸಿ. ಆಗದು ಎನ್ನುವುದಾದರೆ ಆ ಹುಡುಗಿಯಿಂದ ಸಹಿ ಹಾಕಿಸಬೇಡಿ, ನೀವೇ ಹಾಕಿ. ಮತ್ತು ಸಹಿಯ ಕೆಳಗೆ ನಿಮ್ಮ ಮನೆ ವಿಳಾಸವನ್ನೂ ಬರೆಯಿರಿ.

ಇಂತಿ,
ಒಂದು ಕಾಲಮ್ಮನ್ನೂ ಖಾಲಿ ಬಿಡದೆ ತುಂಬಿದ್ದ ನಿಮ್ಮ ಮಾಜಿ ನೌಕರ